ಶಾಖವನ್ನರಿತು ತಿರುಗುವ ಬೀಸಣಿಗೆ

ಹಾಸನವನ್ನು ಬಡವರ ಊಟಿಯೆಂದು ಕರೆಯುವ ವಾಡಿಕೆಯುಂಟು. ಸಮುದ್ರಮಟ್ಟಕ್ಕೆ ಮೂರು ಸಾವಿರ ಅಡಿಗಳಿಗೂ ಮೇಲ್ಪಟ್ಟ ಈ ಊರಿನಲ್ಲಿ ವೈಶಾಖದ ಮಧ್ಯಾಹ್ನವೂ ಕೆಳಗಣ ಬಯಲುಸೀಮೆಯ ಊರುಗಳಷ್ಟು ಬಾಧಕವಾಗಿರುವುದಿಲ್ಲ. ಅದು ಕಾರಣದಿಂದಲೇ ಏನೋ, ಯಂತ್ರಗಳಿಗೂ ಸೆಕೆಯಾಗುವುದುಂಟೆಂಬ ವಿಚಾರವು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ನಮ್ಮ ಗೃಹಸ್ಥರ ಮನಸ್ಸಿಗೆ ಬರುವುದು ಕಡಮೆ. ಮನೆಯೊಡೆಯನಿಗೆ ಹಿತವಾಗಿದ್ದರೆ ಮೆಟ್ಟಿಲ ಕೆಳಗಣ ಗೂಡಿನಲ್ಲಿ ಬಾಗಿಲು ಹಾಕಿಸಿಕೊಂಡು ಕುಳಿತಿರುವ ಇನ್ವರ್ಟರಿಗೂ ಹಿತವಾಗಿಯೇ ಇದ್ದೀತೆಂದು ಭಾವಿಸುತ್ತಾರೆ. ಆ ಗೂಡಿನೊಳಕ್ಕೆ ಊರಿನ ತಂಗಾಳಿಯು ಹೋಗುವುದೇ ಇಲ್ಲವೆಂಬುದನ್ನು ಯಾರೂ ಆಲೋಚಿಸುವುದಿಲ್ಲ.

ಈ ಸಲ ನಾವು ತಿಳಿಸಹೊರಟಿರುವುದು ದೋಣಿಗಳಲ್ಲಿ ಬಳಕೆಯಲ್ಲಿರುವ ಒಂದು ಸಣ್ಣ ಉಪಾಯವನ್ನು. ವಿದ್ಯುದುಪಕರಣವು ಇಷ್ಟು ಡಿಗ್ರಿ ಬಿಸಿಯಾಯಿತೆಂದರೆ ತಾನಾಗಿಯೇ ತಿರುಗಲಾರಂಭಿಸಿ, ತಣ್ಣಗಾಯಿತೆಂದರೆ ತಾನಾಗಿಯೇ ನಿಂತುಹೋಗುವ ಅಂಗೈಯಗಲದ ಬೀಸಣಿಗೆಯೇ ಆ ಉಪಾಯ. ಹಾಸನಕ್ಕೂ ದೋಣಿಗೂ ಏನು ಸಂಬಂಧವೆಂದು ವಾಚಕರು ನಗಬಹುದು. ನಮ್ಮ ಸೀಮೆಯ ದೋಣಿಯೆಂದರೆ ಹರಿಗೋಲು. ೧೯೭೯ರಲ್ಲಿ ಮುಗಿದ ಗೊರೂರಿನ ಅಣೆಕಟ್ಟೆಯ ಹಿನ್ನೀರು ಮಳೆಗಾಲದಲ್ಲಿ ಏರಿ ಶೆಟ್ಟಿಹಳ್ಳಿಯ ಪಾಳು ಇಗರ್ಜಿಯನ್ನು ಅರ್ಧಕ್ಕೆ ಮುಳುಗಿಸಿದಾಗ ನೋಡಲು ಬಂದವರು ಕುಳಿತು ಸುತ್ತುವುದು ಅದರಲ್ಲಿಯೇ. ಹರಿಗೋಲಿನಲ್ಲಿ ಬಿಸಿಯಾಗತಕ್ಕದ್ದು ಹುಟ್ಟು ಹಾಕುವವನ ತೋಳು ಮಾತ್ರ. ಆದರೆ ಘಟ್ಟವಿಳಿದು ಮಂಗಳೂರಿಗೋ ಮಲ್ಪೆಗೋ ಹೋದರೆ, ಅನೇಕ ದಿವಸ ಕಡಲಲ್ಲಿಯೇ ಇದ್ದು ಬರುವ ಮೀನುಗಾರಿಕೆಯ ದೋಣಿಗಳಲ್ಲಿ ನಿಸ್ತಂತು ಯಂತ್ರವೂ ದಾರಿ ತೋರುವ ಜಿಪಿಎಸ್ ಉಪಕರಣವೂ ಮೀನಿನ ಹಿಂಡನ್ನು ಪತ್ತೆಹಚ್ಚುವ ಶಬ್ದಯಂತ್ರವೂ ದೀಪಗಳೂ ಇವೆಲ್ಲಕ್ಕೂ ಆಧಾರವಾದ ಬ್ಯಾಟರಿಗಳೂ ಇರುವುದು ಕಾಣುತ್ತದೆ. ಕೇರಳದ ವೈಕಂ ಬಳಿ ೨೦೧೭ರ ಜನವರಿಯಲ್ಲಿ ಸಂಚಾರ ತೊಡಗಿದ ‘ಆದಿತ್ಯ’ ಎಂಬ ಎಪ್ಪತ್ತೈದು ಆಸನಗಳ ದೋಣಿಯಂತೂ ಬಿಸಿಲನ್ನೇ ವಿದ್ಯುತ್ತಾಗಿಸಿಕೊಂಡು ನಡೆಯತಕ್ಕದ್ದು. ಇಂಥ ದೋಣಿಯ ಹೊಟ್ಟೆಯೊಳಗೆ ಸ್ಥಳ ಕಿರಿದು, ಗಾಳಿ ಕಡಮೆ, ಪಕ್ಕದಲ್ಲಿ ಎಂಜಿನ್ನಿನ ಬೇಗೆ. ನಮ್ಮ ಮೆಟ್ಟಿಲ ಕೆಳಗಣ ಗೂಡಿಗೂ ಇದಕ್ಕೂ ಉಪ್ಪುನೀರೊಂದನ್ನು ಬಿಟ್ಟರೆ ಹೆಚ್ಚಿನ ಭೇದವಿಲ್ಲ.

ಶಾಖವು ಎಲ್ಲಿಂದ ಬರುತ್ತದೆಂಬುದನ್ನು ಮೊದಲು ತಿಳಿಯೋಣ. ಬ್ಯಾಟರಿಯಿಂದ ೭೦೦ ವಾಟುಗಳಷ್ಟನ್ನು ತೆಗೆದುಕೊಂಡ ಇನ್ವರ್ಟರು ದೀಪ, ಬೀಸಣಿಗೆ, ದೂರದರ್ಶನಗಳಿಗೆ ಕೊಡುವುದು ೬೦೦ ವಾಟುಗಳನ್ನು ಎಂದಿಟ್ಟುಕೊಳ್ಳಿ. ಉಳಿದ ನೂರು ಎಲ್ಲಿಯೂ ಹೋಗಲಿಲ್ಲ. ಪೆಟ್ಟಿಗೆಯೊಳಗೇ ಶಾಖವಾಗಿ ನಿಂತಿತು. ಹಿಂದೆ ನಮ್ಮ ನಡುಮನೆಗಳಲ್ಲಿ ಉರಿಯುತ್ತಿದ್ದ ನೂರು ವಾಟಿನ ಗಾಜಿನ ಬುರುಡೆಯನ್ನು ಹಿರಿಯರು ಮರೆತಿರಲಾರರು. ಅದನ್ನು ಬರಿಗೈಯಲ್ಲಿ ಮುಟ್ಟುವ ಹಾಗಿರಲಿಲ್ಲ. ಅಂಥದೊಂದು ಬುರುಡೆಯನ್ನು ಬಟ್ಟೆಯ ಬೀರುವಿನೊಳಗೆ ಹಚ್ಚಿಟ್ಟು ಬಾಗಿಲು ಮುಚ್ಚಿ ಮಲಗುವುದಕ್ಕೆ ಯಾವ ಗೃಹಿಣಿಯೂ ಒಪ್ಪಳು. ವಿದ್ಯುತ್ತು ಕೈಕೊಟ್ಟ ರಾತ್ರಿ ನಾವು ಮಾಡುತ್ತಿರುವುದು ಸರಿಸುಮಾರು ಅದನ್ನೇ.

ಇದರಿಂದಾಗುವ ನಷ್ಟವು ಕಣ್ಣಿಗೆ ಕಾಣುವಂಥಾದ್ದಲ್ಲ. ಅದೇ ಇದರ ಕೇಡು. ತಂತಿಯ ಸುತ್ತಣ ನಿರೋಧಕ ಹೊದಿಕೆಯ ವಿಷಯದಲ್ಲಿ ಎಂಜಿನಿಯರುಗಳು ಬಹುಕಾಲದಿಂದ ನಂಬಿಕೊಂಡು ಬಂದಿರುವ ಸ್ಥೂಲನಿಯಮವೊಂದಿದೆ: ಉಷ್ಣತೆಯು ಹತ್ತು ಡಿಗ್ರಿ ಏರಿದಂತೆಲ್ಲ ಅದರ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ. ಸೀಸದ ಬ್ಯಾಟರಿಗೂ, ಇನ್ವರ್ಟರಿನೊಳಗಣ ಡಬ್ಬಿಯಾಕಾರದ ಧಾರಕಗಳಿಗೂ ಹೆಚ್ಚುಕಡಮೆ ಇದೇ ಲೆಕ್ಕ ಅನ್ವಯಿಸುತ್ತದೆ. ಇಪ್ಪತ್ತೈದು ಡಿಗ್ರಿಯಲ್ಲಿ ಆರು ವರ್ಷ ಬಾಳಬೇಕಾದ ಬ್ಯಾಟರಿಯು ಸದಾ ಮೂವತ್ತೈದರಲ್ಲಿ ಇದ್ದರೆ ಮೂರೇ ವರ್ಷಕ್ಕೆ ಮುಗಿದೀತು. ಅಂಗಡಿಯವನು ಮೋಸ ಮಾಡಿದನೆಂದು ಬಯ್ಯುತ್ತ ಹೊಸದನ್ನು ಕೊಳ್ಳುತ್ತೇವೆ. ಅದನ್ನೂ ಹಿಂದಿನ ಗೂಡಿನಲ್ಲಿಯೇ ಇಡುತ್ತೇವೆ.

ಗಾಳಿಯು ಈ ಶಾಖವನ್ನು ಹೊತ್ತೊಯ್ಯಬಲ್ಲುದು. ಎಷ್ಟು ಗಾಳಿ ಬೇಕೆಂಬುದು ಕಷ್ಟದ ಲೆಕ್ಕವೇನಲ್ಲ. ಒಂದು ಘನಮೀಟರ್ ಗಾಳಿಯನ್ನು ಒಂದು ಡಿಗ್ರಿ ಬಿಸಿಮಾಡುವುದಕ್ಕೆ ಸುಮಾರು ೧೨೦೦ ಜೂಲ್ ಶಾಖ ಬೇಕು. ನೂರು ವಾಟೆಂದರೆ ಸೆಕೆಂಡಿಗೆ ನೂರು ಜೂಲ್. ಒಳಕ್ಕೆ ಹೊಕ್ಕ ಗಾಳಿಯು ಹತ್ತು ಡಿಗ್ರಿಗಿಂತ ಹೆಚ್ಚು ಬಿಸಿಯಾಗದೆ ಹೊರಬರಬೇಕಾದರೆ ಸೆಕೆಂಡಿಗೆ ಎಂಟು ಲೀಟರಿಗಿಂತ ತುಸು ಹೆಚ್ಚು ಗಾಳಿ ಹಾಯಬೇಕು. ಗಣಕಯಂತ್ರಗಳಲ್ಲಿ ಕಾಣುವ ಹನ್ನೆರಡು ಸೆಂಟಿಮೀಟರಿನ ಬೀಸಣಿಗೆಯು ಜಾಲರಿ, ಸಂದುಗೊಂದುಗಳ ಅಡ್ಡಿಯನ್ನು ಕಳೆದರೂ ಇದನ್ನು ಸಲೀಸಾಗಿ ಮಾಡುತ್ತದೆ. ಅದಕ್ಕೆ ತಗಲುವುದು ಎರಡು ವಾಟಿನಷ್ಟು ವಿದ್ಯುತ್ತು. ಎರಡು ವಾಟು ಯಾವ ಮಹಾ ಖರ್ಚು, ಹಗಲೂ ರಾತ್ರಿಯೂ ತಿರುಗಲಿ ಬಿಡಿ ಎನ್ನಬಹುದು. ದೋಣಿಯವನು ಹಾಗೆನ್ನಲಾರ. ಇಪ್ಪತ್ತನಾಲ್ಕು ಗಂಟೆ ತಿರುಗಿದರೆ ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ ದಿನಕ್ಕೆ ನಾಲ್ಕು ಆಂಪಿಯರ್-ಗಂಟೆ ಕಳೆಯುತ್ತದೆ. ನೂರು ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ ಆಯುಸ್ಸಿಗೆ ಕುಂದಿಲ್ಲದೆ ಖರ್ಚುಮಾಡಬಹುದಾದುದು ಅರ್ಧವೇ. ಐವತ್ತರಲ್ಲಿ ನಾಲ್ಕನ್ನು ನಿಷ್ಪ್ರಯೋಜಕವಾಗಿ ಬೀಸಿ ಕಳೆದವನು ನಡುಗಡಲಿನಲ್ಲಿ ಎಂಜಿನ್ನು ಹೊತ್ತಿಸುವ ಹೊತ್ತಿಗೆ ಪರದಾಡಬೇಕಾದೀತು. ಇದಲ್ಲದೆ ಬೀಸಣಿಗೆಗೂ ಸವೆತವುಂಟು. ಮೂವತ್ತು ಸಾವಿರ ಗಂಟೆ ಬಾಳುವಂಥದು ಎಡೆಬಿಡದೆ ತಿರುಗಿದರೆ ಮೂರೂವರೆ ವರ್ಷದೊಳಗೆ ಸವೆದುಹೋಗುತ್ತದೆ. ತಿರುಗಿದಷ್ಟೂ ಧೂಳನ್ನು ಒಳಕ್ಕೆ ಎಳೆಯುತ್ತದೆಂಬುದು ಮತ್ತೊಂದು. ಆದುದರಿಂದಲೇ ಬೇಕಾದಾಗ ಮಾತ್ರ ತಿರುಗುವ ಏರ್ಪಾಡು ದೋಣಿಯವರಿಗೆ ಅವಶ್ಯಕವಾಯಿತು.

ಬೇಕಾದಾಗ ಎಂಬುದನ್ನು ಯಾರು ಗೊತ್ತುಮಾಡಬೇಕು? ಅರಕಲಗೂಡಿನ ಹೊಗೆಸೊಪ್ಪಿನ ಬೆಳೆಗಾರರಿಗೆ ಈ ಪ್ರಶ್ನೆ ಹೊಸತಲ್ಲ. ಸೊಪ್ಪು ಹದಮಾಡುವ ಮನೆಯಲ್ಲಿ ಅವರು ಉಷ್ಣಮಾಪಕವನ್ನು ತೂಗುಹಾಕಿ, ಎಲೆ ಹಳದಿಗೆ ತಿರುಗುವ ತನಕ ಮಂದಶಾಖ, ಎಲೆ ಒಣಗುವಾಗ ಮತ್ತಷ್ಟು, ಕಡೆಗೆ ದಂಟು ಒಣಗುವಾಗ ಎಪ್ಪತ್ತು ಡಿಗ್ರಿಯ ಸುಮಾರಿಗೆ ಎಂದು ಹಗಲಿರುಳು ನಿದ್ರೆಗೆಟ್ಟು ನೋಡಿಕೊಳ್ಳುತ್ತಾರೆ. ಗಾಳಿಗಂಡಿಗಳನ್ನು ಹೊತ್ತರಿತು ತೆರೆಯುತ್ತಾರೆ, ಮುಚ್ಚುತ್ತಾರೆ. ಆ ನಿದ್ರೆಗೆಟ್ಟ ಕಾವಲುಗಾರನ ಕೆಲಸವನ್ನು ಬೀಸಣಿಗೆಯ ಪಕ್ಕದಲ್ಲಿ ಗುಂಡಿಯಷ್ಟು ದಪ್ಪದ ಒಂದು ಬಿಲ್ಲೆ ಮಾಡುತ್ತದೆ. ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹದ ತಗಡುಗಳನ್ನು ಬೆಸೆದು ಮಾಡಿದ ಬಿಲ್ಲೆಯದು. ಬಿಸಿಯಾದಾಗ ಒಂದು ಪದರ ಹೆಚ್ಚಾಗಿಯೂ ಮತ್ತೊಂದು ಕಡಮೆಯಾಗಿಯೂ ಹಿಗ್ಗುವುದರಿಂದ ಬಿಲ್ಲೆಯು ಬಾಗಿ, ಗೊತ್ತಾದ ಒಂದು ಉಷ್ಣತೆಯಲ್ಲಿ ಟಕ್ಕನೆ ಮಗುಚಿಕೊಂಡು ವಿದ್ಯುತ್ತಿನ ಹಾದಿಯನ್ನು ಕೂಡಿಸುತ್ತದೆ. ಸ್ವಾರಸ್ಯವೇನೆಂದರೆ, ಈ ಜೋಡಿಲೋಹದ ಯುಕ್ತಿಯು ಹುಟ್ಟಿದ್ದೇ ಹಡಗಿಗೋಸ್ಕರ. ಹದಿನೆಂಟನೆಯ ಶತಮಾನದಲ್ಲಿ ಜಾನ್ ಹ್ಯಾರಿಸನ್ ಎಂಬ ಆಂಗ್ಲ ಬಡಗಿಯು ಕಡಲಲ್ಲಿ ರೇಖಾಂಶವನ್ನು ಗೊತ್ತುಮಾಡುವುದಕ್ಕೆಂದು ಗಡಿಯಾರಗಳನ್ನು ಕಟ್ಟುತ್ತಿದ್ದನು. ಸೆಕೆಯಲ್ಲಿ ಹಿಂದಾಗಿ ಚಳಿಯಲ್ಲಿ ಮುಂದಾಗುವ ಗಡಿಯಾರದಿಂದ ಹಡಗು ಬಂಡೆಗೆ ಬಡಿಯುವುದು ಖಂಡಿತವೆಂದರಿತು, ತನ್ನ ಮೂರನೆಯ ಗಡಿಯಾರದಲ್ಲಿ ಹಿತ್ತಾಳೆ ಉಕ್ಕುಗಳ ಪಟ್ಟಿಗಳನ್ನು ಜೋಡಿಸಿ ಆ ದೋಷವನ್ನು ನಿವಾರಿಸಿದನು. ಆ ಕೆಲಸದಲ್ಲಿ ಅವನಿಗೆ ಹಿಡಿದದ್ದು ಸುಮಾರು ಹತ್ತೊಂಬತ್ತು ವರ್ಷ. ಇಂದು ಅಂಥ ಬಿಲ್ಲೆಯು ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ಅಲ್ಪಬೆಲೆಗೆ ಸಿಕ್ಕುತ್ತದೆ.

ಕೊಳ್ಳುವಾಗ ಒಂದು ಎಚ್ಚರವಿರಲಿ. ಈ ಬಿಲ್ಲೆಗಳಲ್ಲಿ ಎರಡು ಜಾತಿ: ಬಿಸಿಯಾದಾಗ ಕೂಡುವುದು, ಬಿಸಿಯಾದಾಗ ಬಿಡುವುದು. ನೋಡುವುದಕ್ಕೆ ಎರಡೂ ಒಂದೇ. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಯಂತ್ರಗಳಲ್ಲಿರುವುದು ಬಿಡುವ ಜಾತಿ. ಅದನ್ನು ತಂದು ಬೀಸಣಿಗೆಗೆ ಹಾಕಿದರೆ ತಣ್ಣಗಿರುವ ತನಕ ವೃಥಾ ತಿರುಗಿ, ಬಿಸಿಯೇರಿದ ಕೂಡಲೆ ನಿಂತುಬಿಡುತ್ತದೆ. ಇದಕ್ಕಿಂತ ಬೀಸಣಿಗೆಯಿಲ್ಲದಿರುವುದೇ ಲೇಸು. ಕೂಡುವ ಉಷ್ಣತೆಗೂ ಬಿಡುವ ಉಷ್ಣತೆಗೂ ನಡುವೆ ಸ್ವಲ್ಪ ಅಂತರವಿರಬೇಕು. ನಲವತ್ತೈದರಲ್ಲಿ ತಿರುಗಲಾರಂಭಿಸಿ ಮೂವತ್ತೈದರಲ್ಲಿ ನಿಲ್ಲುವಂತಿದ್ದರೆ ಸರಿ. ಎರಡೂ ಒಂದೇ ಆದರೆ ಬೀಸಣಿಗೆಯು ನಿಮಿಷಕ್ಕೊಮ್ಮೆ ನಿಂತು ಹೊರಟು ಪ್ರಾಣ ತಿನ್ನುತ್ತದೆ. ಬಿಲ್ಲೆಯನ್ನು ಅಂಟಿಸಬೇಕಾದುದು ಶಾಖವನ್ನು ಹೊರಚೆಲ್ಲುವ ಅಲ್ಯೂಮಿನಿಯಂ ರೆಕ್ಕೆಗಳ ಬಳಿಯಲ್ಲಿ. ಬೀಸಣಿಗೆಯ ಗಾಳಿ ನೇರವಾಗಿ ಬಡಿಯುವಲ್ಲಿ ಅಂಟಿಸಿದರೆ ಯಂತ್ರ ಕಾದಿದ್ದರೂ ಬಿಲ್ಲೆಯು ತಣ್ಣಗಿದ್ದು ಸುಳ್ಳು ಹೇಳುತ್ತದೆ. ಇನ್ವರ್ಟರಿನ ಮುಚ್ಚಳವನ್ನು ಬಿಚ್ಚುವುದು ತಿಳಿದ ಕೆಲಸಗಾರನಿಗೆ ಬಿಟ್ಟದ್ದು. ಸ್ವಿಚ್ಚು ತೆಗೆದ ಮೇಲೆಯೂ ಒಳಗಣ ಧಾರಕಗಳಲ್ಲಿ ವಿದ್ಯುತ್ತು ನಿಂತಿರುವುದುಂಟು. ಗೂಡಿನ ಗೋಡೆಗೆ ಬೀಸಣಿಗೆ ಕೂರಿಸುವುದನ್ನು ಮಾತ್ರ ಗೃಹಸ್ಥನು ನಿಂತು ಮಾಡಿಸಬಹುದು. ಗಾಳಿ ಕೆಳಗಡೆಯಿಂದ ಹೊಕ್ಕು ಮೇಲ್ಗಡೆಯಿಂದ ಹೊರಡಬೇಕು. ಎರಡೂ ಕಂಡಿಗಳು ಅಕ್ಕಪಕ್ಕದಲ್ಲಿದ್ದರೆ ಉಗುಳಿದ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಬೀಸಣಿಗೆಯ ತಂತಿಗೆ ಒಂದು ಆಂಪಿಯರಿನ ಫ್ಯೂಸು ಬೇರೆಯಾಗಿಯೇ ಇರಲಿ.

ಇನ್ನು ದೋಣಿಯವರು ಪ್ರಾಣಭಯದಿಂದ ಕಲಿತ ಪಾಠಕ್ಕೆ ಬರೋಣ. ಈ ಲೇಖನವನ್ನು ಬರೆಯಲು ನಮಗೆ ಮುಖ್ಯ ಕಾರಣವೂ ಅದೇ. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾದದ್ದು. ದೋಣಿಯಲ್ಲಿ ಅದು ಹೊರಗೆ ಹೋಗದೆ ತಳದಲ್ಲಿ ನೀರಿನಂತೆ ಮಡುಗಟ್ಟುತ್ತದೆ. ಅಲ್ಲಿ ಒಂದು ಸ್ವಿಚ್ಚಿನ ಕಿಡಿ ಸಾಕು. ಆದುದರಿಂದ ಪೆಟ್ರೋಲ್ ಎಂಜಿನ್ನಿನ ಕೋಣೆಯಲ್ಲಿ ಕಿಡಿ ಹೊರಬೀಳದಂತೆ ಮುಚ್ಚಿದ ಬೀಸಣಿಗೆಗಳನ್ನೂ ಸ್ವಿಚ್ಚುಗಳನ್ನೂ ಮಾತ್ರ ಬಳಸುತ್ತಾರೆ; ಅಮೆರಿಕೆಯಲ್ಲಿ ಎಂಜಿನ್ನನ್ನು ಹೊತ್ತಿಸುವ ಮುನ್ನ ನಾಲ್ಕು ನಿಮಿಷವಾದರೂ ಆವಿಯನ್ನು ಹೊರಗೂದಬೇಕೆಂದು ದೋಣಿಗಳಲ್ಲಿ ಎಚ್ಚರಿಕೆಯ ಫಲಕವನ್ನೇ ಹಾಕಿರುತ್ತಾರೆ. ನಮ್ಮ ಮನೆಗಳಲ್ಲಿ ಪೆಟ್ರೋಲಿನ ಮಡುವಿಲ್ಲ ನಿಜ. ಆದರೆ ಅಡುಗೆಯ ಅನಿಲವೂ ಗಾಳಿಗಿಂತ ಭಾರವೇ. ಅಡುಗೆಮನೆಯ ಕಟ್ಟೆಯ ಕೆಳಗೆ ಸಿಲಿಂಡರಿನ ಮಗ್ಗುಲಲ್ಲಿಯೇ ಸ್ಥಳವಿದೆಯೆಂದು ಇನ್ವರ್ಟರನ್ನು ತಳ್ಳಿರುವ ಮನೆಯಲ್ಲಿ, ಕೊಳವೆ ಸೋರಿದ ಒಂದು ರಾತ್ರಿ, ವಿದ್ಯುತ್ತು ಹೋದ ಕೂಡಲೆ ಆ ಪೆಟ್ಟಿಗೆಯೊಳಗಣ ರಿಲೇ ಎಂಬ ಸ್ವಿಚ್ಚು ತಾನಾಗಿಯೇ ಬಡಿಯುತ್ತದೆ. ಯಾರೂ ಏಳಬೇಕಾಗಿಲ್ಲ, ಯಾರೂ ಗುಂಡಿ ಒತ್ತಬೇಕಾಗಿಲ್ಲ. ಶಾಖದ ಬಿಲ್ಲೆಯೂ ಕೂಡುವಾಗ ಕಿಡಿ ಕೊಡುವಂಥದೇ ಆದುದರಿಂದ ಇಂಥ ಸ್ಥಳದಲ್ಲಿ ಬೀಸಣಿಗೆಯನ್ನು ಸೇರಿಸುವುದು ಕೇಡಿಗೆ ಕೇಡು ಕೂಡಿಸಿದಂತೆ. ಆ ಪೆಟ್ಟಿಗೆಗೆ ಬೇಕಾದುದು ಗಾಳಿಯಲ್ಲ, ಬೇರೆ ಸ್ಥಳ. ಓದಿದವರು ಇಂದೇ ತೆಗೆಸಿ ಹೊರಗಿಡಿಸಬೇಕೆಂದು ನಾವು ಒತ್ತಿ ಹೇಳುತ್ತೇವೆ.

ಬ್ಯಾಟರಿಯ ಸಂಗತಿ ಇದಕ್ಕೆ ತಿರುಗುಮುರುಗು. ವಿದ್ಯುತ್ತು ತುಂಬುವಾಗ, ಅದರಲ್ಲಿಯೂ ಅತಿಯಾಗಿ ತುಂಬಿದಾಗ, ಸೀಸದ ಬ್ಯಾಟರಿಯಿಂದ ಜಲಜನಕವು ಏಳುತ್ತದೆ. ಅದು ಗಾಳಿಗಿಂತ ಬಲು ಹಗುರ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಬೆರೆತರೆ ಸಾಕು, ಹೊತ್ತಿಕೊಳ್ಳಬಲ್ಲುದು. ನಮ್ಮಲ್ಲಿ ಚಕ್ರದ ಪೆಟ್ಟಿಗೆಯಲ್ಲಿ ಬ್ಯಾಟರಿಯನ್ನು ಕೆಳಗೂ ಇನ್ವರ್ಟರನ್ನು ಅದರ ತಲೆಯ ಮೇಲೂ ಇಡುವ ಪದ್ಧತಿ ಬಂದುಬಿಟ್ಟಿದೆ. ಗಾಳಿಯಾಡುವ ಪಡಸಾಲೆಯಲ್ಲಿ ಇದರಿಂದ ಬಾಧಕವಿಲ್ಲ. ಬಾಗಿಲು ಹಾಕಿದ ಗೂಡಿನಲ್ಲಿಟ್ಟರೆ ಬ್ಯಾಟರಿಯ ಉಸಿರನ್ನೆಲ್ಲ ಇನ್ವರ್ಟರಿನ ಬೀಸಣಿಗೆಯು ತನ್ನೊಳಗೆ ಎಳೆದುಕೊಳ್ಳುತ್ತದೆ. ದೋಣಿಗಳಲ್ಲಿ ಬ್ಯಾಟರಿಯ ಪೆಟ್ಟಿಗೆಗೆ ನೆತ್ತಿಯಲ್ಲಿ ಕಂಡಿ ಬಿಟ್ಟು, ವಿದ್ಯುದ್ಯಂತ್ರಗಳನ್ನು ಅದರ ಮೇಲಲ್ಲದೆ ದೂರವಾಗಿ ಇಡುವುದು ಇದಕ್ಕಾಗಿಯೇ. ಈಚೆಗೆ ಬಂದಿರುವ ಲಿಥಿಯಂ ಬ್ಯಾಟರಿಯು ಹೀಗೆ ಉಸಿರಾಡದಿದ್ದರೂ ಸಾಮಾನ್ಯವಾಗಿ ನಲವತ್ತೈದು ಡಿಗ್ರಿ ಮೀರಿದ ಬಿಸಿಯಲ್ಲಿ ಅದಕ್ಕೆ ವಿದ್ಯುತ್ತು ತುಂಬತಕ್ಕದ್ದಲ್ಲ.

ಬೀಸಣಿಗೆಯು ಸರ್ವರೋಗಕ್ಕೂ ಮದ್ದೆಂದು ತಿಳಿಯಬಾರದು. ಬ್ಯಾಟರಿಯ ಕಂಬಕ್ಕೆ ಬಿಗಿದ ತಂತಿಯು ಸಡಿಲವಾಗಿದ್ದರೆ ಆ ಜಾಗ ಕಾಯುತ್ತದೆ. ಎಪ್ಪತ್ತು ಆಂಪಿಯರ್ ಹರಿಯುವಲ್ಲಿ ಕೂದಲೆಳೆಯಷ್ಟು ಸಂದೂ ಕೆಂಡವಾಗಬಲ್ಲುದು. ಅದಕ್ಕೆ ಗಾಳಿ ಬೀಸುವುದು ಕುಲುಮೆಗೆ ತಿದಿಯೊತ್ತಿದಂತೆ. ಚನ್ನರಾಯಪಟ್ಟಣದ ತೆಂಗಿನ ತೋಟಗಳ ಪಂಪಿನ ಕಥೆಯೂ ಇದೇ ಜಾತಿಯದು. ವೋಲ್ಟೇಜು ಕುಸಿದಾಗ ಮೋಟಾರು ಅದೇ ಕೆಲಸಕ್ಕೆ ಹೆಚ್ಚು ವಿದ್ಯುತ್ಪ್ರವಾಹವನ್ನು ಎಳೆಯುತ್ತದೆ. ಪ್ರವಾಹ ನೂರಕ್ಕೆ ಇಪ್ಪತ್ತು ಹೆಚ್ಚಿದರೆ ಸುರುಳಿಯ ಶಾಖವು ನೂರಕ್ಕೆ ನಲವತ್ತನಾಲ್ಕು ಹೆಚ್ಚುತ್ತದೆ. ಇದನ್ನು ತಡೆಯಲೆಂದೇ ಸ್ಟಾರ್ಟರಿನೊಳಗೆ ಹ್ಯಾರಿಸನ್ನನ ಜೋಡಿಲೋಹದ ಪಟ್ಟಿಯು ಮತ್ತೊಂದು ವೇಷದಲ್ಲಿ ಕುಳಿತಿರುತ್ತದೆ: ಪ್ರವಾಹ ಮಿತಿಮೀರಿದರೆ ಕಾದು ಬಾಗಿ ಮೋಟಾರನ್ನು ನಿಲ್ಲಿಸುತ್ತದೆ. ಸ್ಟಾರ್ಟರಿನ ತಗಡಿನ ಪೆಟ್ಟಿಗೆಯನ್ನು ಬರೀ ಬಿಸಿಲಿನ ಕಂಬಕ್ಕೆ ಬಿಗಿದರೆ ಆ ಪಟ್ಟಿಯು ಬಿಸಿಲಿಗೇ ಕಾದು ಅಕಾರಣವಾಗಿ ಮೋಟಾರನ್ನು ನಿಲ್ಲಿಸುವುದುಂಟು. ಸರದಿಯ ವಿದ್ಯುತ್ತು ಹೋಗುವುದರೊಳಗೆ ಗಿಡಕ್ಕೆ ನೀರಾಗಬೇಕೆಂಬ ಆತುರದಲ್ಲಿ ರೈತನು ಆ ಪಟ್ಟಿಯನ್ನೇ ಮೀರುವಂತೆ ತಂತಿ ಸುತ್ತಿಸುತ್ತಾನೆ. ಕಾವಲುಗಾರನು ಕೂಗಿದನೆಂದು ಅವನ ಬಾಯಿ ಕಟ್ಟಿದಂತಾಯಿತು. ಮುಂದಿನ ಸಲ ಸುಡುವುದು ಮೋಟಾರು. ಇಲ್ಲಿ ಬೀಸಣಿಗೆಯೂ ಬೇಡ, ಯಾವ ಖರ್ಚೂ ಬೇಡ. ತೆಂಗಿನ ಗರಿಯ ಒಂದು ಚಪ್ಪರ ಸಾಕು.

ಬೀಸಣಿಗೆಯು ಎಷ್ಟು ಮಾತ್ರಕ್ಕೂ ಉಪಯೋಗಕ್ಕೆ ಬಾರದ ಒಂದು ಸ್ಥಳವುಂಟು. ಅದರ ಮೇಲಣ ಕಣ್ಗಾವಲು ನಡೆಯುವುದು ಹಾಸನದಿಂದಲೇ. ೧೯೮೨ರಿಂದ ಇಲ್ಲಿರುವ ಇಸ್ರೋ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರವು ಭೂಮಿಯಿಂದ ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಗಳನ್ನು ನೋಡಿಕೊಳ್ಳುತ್ತದೆ. ಅಲ್ಲಿ ಗಾಳಿಯೇ ಇಲ್ಲದ ಮೇಲೆ ಬೀಸುವುದೇನನ್ನು? ಕೊಳವೆಗಳ ಮೂಲಕ ಶಾಖವನ್ನು ಹೊರಮೈಯ ಫಲಕಗಳಿಗೆ ಸಾಗಿಸಿ, ಅಲ್ಲಿಂದ ಶೂನ್ಯಕ್ಕೆ ಕಿರಣರೂಪದಲ್ಲಿ ಚೆಲ್ಲಬೇಕು. ಭೂಮಿಯ ನೆರಳು ಬಿದ್ದಾಗ ಚಳಿಯಿಂದ ಕೆಡದಂತೆ ಒಳಗಣ ವಿದ್ಯುತ್ ಒಲೆಗಳನ್ನು ಹೊತ್ತಿಸಬೇಕು. ಚಂದ್ರನನ್ನು ಸುತ್ತಲು ೨೦೦೮ರ ಅಕ್ಟೋಬರಿನಲ್ಲಿ ಹೊರಟ ಚಂದ್ರಯಾನದ ಮೊದಲ ನೌಕೆಯು ನವೆಂಬರ್ ಕಡೆಯಲ್ಲಿ ಐವತ್ತು ಡಿಗ್ರಿಯಷ್ಟು ಬಿಸಿಯಾದಾಗ, ವಿಜ್ಞಾನಿಗಳು ಅದನ್ನು ಇಪ್ಪತ್ತು ಡಿಗ್ರಿ ಹೊರಳಿಸಿ, ಕೆಲವು ಉಪಕರಣಗಳನ್ನು ಆರಿಸಿ ತಂಪುಮಾಡಬೇಕಾಯಿತು. ಗಾಳಿಯೆಂಬ ಪುಕ್ಕಟೆಯ ಸೇವಕನಿರುವ ಲೋಕದಲ್ಲಿದ್ದುಕೊಂಡು ಅವನನ್ನು ಒಳಕ್ಕೆ ಬಿಡದ ನಮ್ಮ ಗೂಡುಗಳನ್ನು ನೆನೆದರೆ ನಗು ಬರುತ್ತದೆ.

ತಾನಾಗಿ ನಿಲ್ಲುವ ಬೀಸಣಿಗೆಗೆ ಒಂದು ದೊಡ್ಡ ದೋಷವುಂಟು. ಸದಾ ತಿರುಗುವುದು ಕೆಟ್ಟರೆ ಸದ್ದು ನಿಂತದ್ದರಿಂದಲೇ ತಿಳಿಯುತ್ತದೆ. ಇದು ನಿಂತಿದ್ದರೆ, ತಂಪಾಗಿರುವುದರಿಂದ ನಿಂತಿದೆಯೋ ಸತ್ತು ನಿಂತಿದೆಯೋ ಗೊತ್ತಾಗದು. ಜವಾಬ್ದಾರಿಯುಳ್ಳ ದೋಣಿಯವರು ಇದಕ್ಕಾಗಿ, ಬೀಸಣಿಗೆಯ ಬಿಲ್ಲೆಗಿಂತ ಹದಿನೈದು ಡಿಗ್ರಿ ಮೇಲೆ ಕೂಡುವ ಎರಡನೆಯ ಬಿಲ್ಲೆಯೊಂದಕ್ಕೆ ಕೂಗುಗಂಟೆಯನ್ನು ಕಟ್ಟುತ್ತಾರೆ. ಮನೆಯಲ್ಲಿ ಅಷ್ಟು ಮಾಡದಿದ್ದರೆ, ತಿಂಗಳಿಗೊಮ್ಮೆ ಬಿಲ್ಲೆಯ ಮೇಲೆ ಬಿಸಿನೀರು ತುಂಬಿದ ಒಣಲೋಟವನ್ನು ಒತ್ತಿ ಹಿಡಿದು ಬೀಸಣಿಗೆ ಹೊರಡುವುದೋ ಇಲ್ಲವೋ ನೋಡಿದರಾಯಿತು. ಬ್ಯಾಟರಿಗೆ ಬಟ್ಟಿಯಿಳಿಸಿದ ನೀರು ಹೊಯ್ಯುವ ದಿನವೇ ಇದನ್ನೂ ಇಟ್ಟುಕೊಂಡರೆ ಮರೆವಾಗದು. ಹೊರಡದಿದ್ದರೆ ಮೊದಲು ನೋಡಬೇಕಾದುದು ರೆಕ್ಕೆಗಳನ್ನು. ತೆಂಗಿನ ನಾರಿನ ಧೂಳು, ಆಲೂಗಡ್ಡೆ ಮೂಟೆಯ ಮಣ್ಣು, ಜೇಡರ ಬಲೆ ಇವು ನಮ್ಮ ಸೀಮೆಯ ಮನೆಗಳಲ್ಲಿ ಸಾಮಾನ್ಯ. ಮಳೆಗಾಲದಲ್ಲಿ ಬೆಚ್ಚನೆಯ ಜಾಗ ಹುಡುಕಿಕೊಂಡು ಬರುವ ಹಲ್ಲಿಗೆ ಇನ್ವರ್ಟರಿನ ಒಳಗಿಗಿಂತ ಹಿತವಾದ ಬಿಡಾರವಿಲ್ಲ. ಎರಡು ತಂತಿಗಳ ನಡುವೆ ಅದು ಸತ್ತು ಬಿದ್ದು ಪೆಟ್ಟಿಗೆಯೇ ಸುಡುವುದುಂಟು. ಗಾಳಿ ಹೊಗುವ ಕಂಡಿಗೂ ಹೊರಡುವ ಕಂಡಿಗೂ ಸೊಳ್ಳೆಪರದೆಯ ಲೋಹದ ಜಾಲರಿಯನ್ನು ಬಿಗಿಸಿ, ಅದನ್ನು ತಿಂಗಳಿಗೊಮ್ಮೆ ಒಣಕುಂಚದಿಂದ ಗುಡಿಸಬೇಕು. ಒದ್ದೆಯ ಬಟ್ಟೆಯಿಂದ ಒರೆಸತಕ್ಕದ್ದಲ್ಲ.